ಡಿಬಿಎಸ್ (ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಬ್ಯಾಟರಿಯಿಂದ ಕರೆಂಟ್ ಕೊಡುವ) ಆಪರೇಷನ್: ನರಶಸ್ತ್ರಚಿಕಿತ್ಸಕರಿಗೆ ನಿಮ್ಮ ಪ್ರಶ್ನೆ

ಮಂಜುನಾಥ: ಎಚ್ಚರ ಇರುವಾಗಲೇ ತಲೆಗೆ ತೂತು ಕೊರೀತಾರಂತೆ. ನೋವಾಗಲ್ವಾ ಸರ್?

ಡಾಕ್ಟರ್: ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿರ್ತೀವಿ. ಮಿದುಳಿಗೆ ನೋವು ಗೊತ್ತಾಗಲ್ಲ. ತೂತು ಸುಮಾರು 14 ಮಿ.ಮೀ.

ಶಶಿಕಲಾ: ಅಪ್ಪನಿಗೆ ಪಾರ್ಕಿನ್ಸನ್. ಎಸ್‌ಟಿಎನ್‌ಗೆ (ಮಿದುಳಿನ ಆಳದ ಒಂದು ಪುಟ್ಟ ಭಾಗ) ಲೀಡ್, ಅಂದರೆ ಕರೆಂಟ್ ತಂತಿ, ಇಟ್ಟು ಐದು ತಿಂಗಳಾಯ್ತು. ಈಗ ಎದೆಯ ಬ್ಯಾಟರಿ ಚಾರ್ಜ್ ಹಿಡೀತಿಲ್ಲ, ಕತ್ತಿನಲ್ಲಿ ವೈರ್ ಬಿಗಿದಿದೆ, ಬಲಗೈ ನಡುಕ ಮತ್ತೆ ಶುರು. ಬ್ಯಾಟರಿ ತಡವುತ್ತಾ ಕೂರೋದು ಅವರ ಅಭ್ಯಾಸ.

ಡಾಕ್ಟರ್: ಕೊನೆ ಸಾಲೇ ಮುಖ್ಯ ಶಶಿಕಲಾ ಅವರೇ. ಬ್ಯಾಟರಿ ಇಟ್ಟ ಚರ್ಮದಡಿಯ ಜೇಬು ಸಡಿಲವಿದ್ದರೆ ಅದು ಮಗುಚುತ್ತೆ, ಅದರ ಬೆನ್ನು ಮುಂದಾದರೆ ಚಾರ್ಜರ್ ಹಿಡಿಯಲ್ಲ. ಸುತ್ತುತ್ತಲೇ ಹೋದರೆ ಎಕ್ಸ್‌ಟೆನ್ಶನ್ ವೈರ್ (ಬ್ಯಾಟರಿಯಿಂದ ಲೀಡ್‌ವರೆಗಿನ ತಂತಿ) ಹಗ್ಗದ ಹಾಗೆ ಹುರಿಗೊಂಡು, ಅದು ಲೀಡ್‌ಗೆ ಸೇರುವ ಕಿವಿ ಹಿಂದಿನ ಕನೆಕ್ಟರನ್ನು ಕತ್ತಿಗೆ ಎಳೆಯುತ್ತೆ. ಅಲ್ಲಿಗೆ ಇಳಿದರೆ ತಲೆ ತಿರುಗಿಸಿದಾಗೆಲ್ಲ ಲೀಡ್ ಬಾಗಿ ತುಂಡಾಗಬಹುದು, ಇಲ್ಲವೇ ತುದಿಯೇ ಮೇಲಕ್ಕೆ ಸರಿಯಬಹುದು. 2 ಮಿ.ಮೀ. ಸರಿದರೂ ಫಲ ಕೆಡುತ್ತೆ. ಬಲಗೈ ಅಂದರೆ ಎಡಭಾಗದ ಲೀಡ್ ನೋಡಿಸಿ. ತಲೆ, ಕತ್ತು, ಎದೆ ಎಕ್ಸ್‌-ರೇ. ಪ್ರೋಗ್ರಾಮರ್‌ನಲ್ಲಿ (ಬ್ಯಾಟರಿ ಸೆಟ್ ಮಾಡೋ ಸಾಧನ) ಲೀಡ್ ತುದಿಯ ಪ್ರತಿ ಕಾಂಟ್ಯಾಕ್ಟ್‌ನ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಅಂತ. ಅದು ವಿಪರೀತ ಏರಿದ್ದರೆ ತಂತಿ ಎಲ್ಲೋ ಕಡಿದಿದೆ. ತುದಿ ಜಾಗದಲ್ಲೇ ಇದ್ದು ತಂತಿಯೂ ಸರಿಯಿದ್ದರೆ ಜೇಬು ಬಿಚ್ಚಿ, ಹುರಿ ಬಿಡಿಸಿ, ಉಳಿದ ವೈರನ್ನು ಬ್ಯಾಟರಿಯ ಹಿಂದೆ ಸುತ್ತಿಟ್ಟು, ಹೊಲಿಗೆ ರಂಧ್ರಗಳಿಗೆ ಕರಗದ ದಾರ ಹಾಕಿ ಎದೆಸ್ನಾಯುವಿನ ಹೊದಿಕೆಗೆ ಬಿಗಿಯಬೇಕು. ತುದಿ ಸರಿದಿದ್ದರೆ ಮತ್ತೆ ತಲೆಗೆ ಗುರಿ ಹಿಡಿಯೋ ಫ್ರೇಮ್, ಮತ್ತೆ ಲೀಡ್. ನೀವಾಗಿ ಬ್ಯಾಟರಿ ತಿರುಗಿಸಲು ಹೋಗಬೇಡಿ. ಚಾರ್ಜ್ ಪೂರ್ತಿ ಮುಗಿದು ಮೈ ಸೆಟೆದು ಜ್ವರ ಬಂದರೆ ನೇರ ಎಮರ್ಜೆನ್ಸಿಗೆ.

ಗಿರೀಶ: ಫಾರ್ವರ್ಡ್: ನಸುಗುನ್ನಿ ಬೀಜದ ಪುಡಿ ತಿಂದರೆ ಆಪರೇಷನ್ನೇ ಬೇಡ!!

ಡಾಕ್ಟರ್: ಅದರಲ್ಲಿರೋದೂ ಪಾರ್ಕಿನ್ಸನ್ ಮಾತ್ರೆಯ ಲೆವೊಡೋಪಾನೇ. ಆಪರೇಷನ್ ಹಿಂದಿನ ರಾತ್ರಿ ಮಾತ್ರೆ ನಿಲ್ಲಿಸೋದು ನಡುಕ, ಬಿಗಿತ ಎದ್ದು ಕಾಣಲಿ, ಪರೀಕ್ಷೆಯ ಕರೆಂಟಿಗೆ ಎಷ್ಟು ಇಳಿಯಿತು ಅಂತ ತಿಳಿಯಲಿ ಅಂತ. ಗುಟ್ಟಾಗಿ ಪುಡಿ ತಿಂದು ಬಂದರೆ ಟೇಬಲ್ ಮೇಲೆ ಏನನ್ನು ಅಳೆಯೋಣ?

ಅನಿಲ್: ಎಚ್ಚರದ ವಿಧಾನವೇ ಹಳೇದು. ಈಗ ಪೂರ್ತಿ ಅರಿವಳಿಕೆ ಕೊಟ್ಟು ಎಂಆರ್‌ಐ ನೋಡ್ಕೊಂಡು ಇಡ್ತಾರೆ.

ಲತಾ: ತೂತಿನಿಂದ ಮಿದುಳಿನ ಸುತ್ತಲ ದ್ರವ ಸೋರಿ ಗಾಳಿ ಹೊಕ್ಕರೆ ಮಿದುಳು ಸರಿಯುತ್ತೆ, ಬೆಳಗಿನ ಎಂಆರ್‌ಐ ಲೆಕ್ಕ ತಪ್ಪುತ್ತೆ. ಆಗ ಮೈಕ್ರೋಎಲೆಕ್ಟ್ರೋಡ್ (ಮಿದುಳಿಗೆ ಇಳಿಸೋ ಸೂಜಿಯಂಥ ತಂತಿ) ಕೇಳಿಸೋ ನ್ಯೂರಾನ್ ಸದ್ದೇ ಗತಿ.

ಅನಿಲ್: ಐದೈದು ಸೂಜಿ ಇಳಿಸಿ ರಕ್ತಸ್ರಾವ ಆದ್ರೆ?

ಲತಾ: ಐದೂ ಇಳಿಸಲೇಬೇಕು ಅಂದೋರು ಯಾರು? ಓದಿ ಬಂದು ವಾದ ಮಾಡಿ.

ಡಾಕ್ಟರ್: ಎರಡೂ ನಡೆಯುತ್ತೆ. ಲೀಡ್ ಇಳಿಯೋ ಹಾದಿಯಲ್ಲಿ ರಕ್ತನಾಳ, ವೆಂಟ್ರಿಕಲ್ (ಮಿದುಳೊಳಗಿನ ದ್ರವದ ಕುಳಿ) ಸಿಗಬಾರದು, ಮೇಲಿನ ಬಿಪಿ 140 ದಾಟಬಾರದು. ಜಗಳ ಬೇರೆ ಕಡೆ.

ಮಂಜುನಾಥ: ಖರ್ಚೆಷ್ಟು ಸರ್? ವಿಮೆ ಸಿಗುತ್ತಾ?

ಪ್ರೇಮಾ: ಎಚ್ಚರದಲ್ಲಿ ಮಾಡಿದ್ರೆ ನೋವಾಗಲ್ವಾ?

ಡಾಕ್ಟರ್: ಮೇಲೆ ಓದಿ.

ಗಿರೀಶ: ಶಶಿಕಲಾ ಮೇಡಂ, ಕತ್ತಿಗೆ ಫಿಸಿಯೋ ಹತ್ರ ಡಯಾಥರ್ಮಿ ಶಾಖ ಕೊಡಿಸಿ.

ಡಾಕ್ಟರ್: ಬೇಡವೇ ಬೇಡ! ಡಿಬಿಎಸ್ ಇದ್ದವರಿಗೆ ಡಯಾಥರ್ಮಿ ನಿಷಿದ್ಧ, ಆಫ್ ಮಾಡಿದ್ದರೂ. ಆ ಯಂತ್ರದ ಅಲೆಗಳ ಶಕ್ತಿ ತಂತಿಗುಂಟ ಹೋಗಿ ತುದಿಯ ಸುತ್ತ ಮಿದುಳನ್ನೇ ಸುಡಬಹುದು. ಆ ಮೆಸೇಜ್ ಈಗಲೇ ಅಳಿಸಿ ಗಿರೀಶ್.

ಗಿರೀಶ: ಒಳ್ಳೇದಕ್ಕೆ ಹೇಳಿದ್ದು.

ಲತಾ: ಅಡ್ಮಿನ್ ಎಲ್ಲಿದ್ದೀರಾ?

ಶಶಿಕಲಾ: ಎಕ್ಸ್‌-ರೇ ಆಯ್ತು ಸರ್. ಕನೆಕ್ಟರ್ ಕತ್ತಿನ ನಡುವೆ ಇದೆ ಅಂದ್ರು.

ಡಾಕ್ಟರ್: ಇಂಪೀಡೆನ್ಸ್ ಎಷ್ಟು?