ಸಿದ್ದರಾಮಯ್ಯ ಗೆದ್ದದ್ದು 8 ಸಲವೋ, 9 ಸಲವೋ?

ಕಡತಪ್ರಿಯ:
ಸಿದ್ದರಾಮಯ್ಯನವರ ಶಾಸಕ ಬದುಕಿನ ಬಗ್ಗೆ ಟಿಪ್ಪಣಿ ಸಿದ್ಧವಾಗುತ್ತಿದೆ. ಗೆಲುವು ಒಂದು ಕಡೆ 8 ಅಂತಿದೆ, ಇನ್ನೊಂದು ಕಡೆ 9. ಅವರು ಮಂಡಿಸಿದ ಬಜೆಟ್‌ಗಳ ಲೆಕ್ಕವೂ ಹೀಗೇ ಗೊಂದಲ. ಜೊತೆಗೆ, ಮೂಲತಃ ವಕೀಲರಾದವರು ಶಾಸಕರಾದ ಮೇಲೆ ಕೋರ್ಟಿನಲ್ಲಿ ವಾದ ಮಾಡಬಹುದೇ? ಗೊತ್ತಿದ್ದವರು ಬಿಡಿಸಿ ಹೇಳಿ.

ಮತಪೆಟ್ಟಿಗೆ:
ಎರಡೂ ಸರಿ, ಏನನ್ನು ಎಣಿಸುತ್ತಿದ್ದೀರಿ ಅನ್ನೋದು ಮುಖ್ಯ. ಗೆದ್ದ ಚುನಾವಣೆ 9: 1983, 1985, 1994, 2004, 2006, 2008, 2013, 2018, 2023. ಕೂತ ವಿಧಾನಸಭೆ 8: 7, 8, 10, 12, 13, 14, 15 ಮತ್ತು 16ನೆಯದು.

ತಪ್ಪುವುದು 2006ರಲ್ಲಿ. 2004ರಲ್ಲಿ ಜೆಡಿಎಸ್‌ನಿಂದ ಚಾಮುಂಡೇಶ್ವರಿ ಗೆದ್ದವರು, 2006ರಲ್ಲಿ ಕಾಂಗ್ರೆಸ್ ಸೇರಿ, ರಾಜೀನಾಮೆ ಕೊಟ್ಟು, ಅದೇ ಕ್ಷೇತ್ರದಲ್ಲಿ ಡಿಸೆಂಬರ್‌ನ ಉಪಚುನಾವಣೆ ಎದುರಿಸಿದರು. ಗೆದ್ದ ಅಂತರ ಬರೀ 257 ಮತ. ಎರಡೂ ಗೆಲುವು 12ನೇ ವಿಧಾನಸಭೆಯೊಳಗೇ. ಚುನಾವಣಾ ಆಯೋಗದ 2004ರ ಅಂಕಿಅಂಶ ವರದಿ ಸಾರ್ವತ್ರಿಕ ಚುನಾವಣೆಯದ್ದಷ್ಟೇ, ಉಪಚುನಾವಣೆಯ ಫಲಿತಾಂಶ ಬೇರೆ ಕಡತ. ವರದಿಗಳನ್ನಷ್ಟೇ ಜೋಡಿಸಿದವರಿಗೆ 8 ಸಿಗುತ್ತದೆ.

ಸೋಲುಗಳನ್ನೂ ಹಾಕಿ: ಚಾಮುಂಡೇಶ್ವರಿಯಲ್ಲೇ 1989, 1999, 2018. 2018ರಲ್ಲಿ ಎರಡು ಕಡೆ ನಿಂತಿದ್ದರು. ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರ ಎದುರು 36,042 ಮತಗಳ ಸೋಲು, ಬಾದಾಮಿಯಲ್ಲಿ ಬಿ. ಶ್ರೀರಾಮುಲು ವಿರುದ್ಧ 1,696 ಮತಗಳ ಗೆಲುವು. 1991ರ ಕೊಪ್ಪಳ ಸೋಲು ಲೋಕಸಭೆಯದ್ದು, ಈ ಪಟ್ಟಿಗೆ ಸೇರಿಸಬೇಡಿ.

"1983ರಿಂದ ಸತತ ಶಾಸಕ" ಅಂತ ಮಾತ್ರ ಬರೆಯಬೇಡಿ. 1989–94 ಮತ್ತು 1999–2004ರಲ್ಲಿ ಅವರು ಸದನದಲ್ಲೇ ಇರಲಿಲ್ಲ.

ಆಯವ್ಯಯ:
ಬಜೆಟ್‌ಗೆ ವರ್ಷ ಎಣಿಸಿದರೆ ಕೆಡುತ್ತದೆ. ದೇವೇಗೌಡ, ಜೆ.ಎಚ್. ಪಟೇಲ್, ಧರ್ಮಸಿಂಗ್ ಸರ್ಕಾರಗಳಲ್ಲಿ ಹಣಕಾಸು ಸಚಿವರಾಗಿ 7. ಮುಖ್ಯಮಂತ್ರಿಯಾಗಿ ಮೊದಲ ಅವಧಿಯಲ್ಲಿ 6. ಅಲ್ಲಿಗೆ 13, ಅಂದರೆ ರಾಮಕೃಷ್ಣ ಹೆಗಡೆಯವರ ದಾಖಲೆಗೆ ಸಮ. 2023ರ ಜುಲೈ 7ರದು 14ನೆಯದು, ಅಲ್ಲಿ ದಾಖಲೆ ಮುರಿಯಿತು. 2025ರ ಮಾರ್ಚ್‌ನದು 16ನೆಯದು.

ಎಡವುವುದು ಚುನಾವಣಾ ವರ್ಷಗಳಲ್ಲಿ. 2013ರಲ್ಲಿ ಫೆಬ್ರವರಿಯದು ಜಗದೀಶ ಶೆಟ್ಟರ್ ಬಜೆಟ್, ಜುಲೈಯದು ಇವರದು. 2023ರಲ್ಲಿ ಫೆಬ್ರವರಿಯದು ಬಸವರಾಜ ಬೊಮ್ಮಾಯಿಯವರದು. ತಿಂಗಳು ಹಾಕದೆ ಬರೀ ವರ್ಷ ಬರೆದರೆ ಒಬ್ಬರದು ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಕರಿಕೋಟು:
ವಕೀಲಿಕೆ ಬಗ್ಗೆ: ಮಾಡಬಹುದು. ಬಾರ್ ಕೌನ್ಸಿಲ್‌ನ 49ನೇ ನಿಯಮ ತಡೆಯುವುದು ಪೂರ್ಣಾವಧಿ ಸಂಬಳದ ನೌಕರಿ ಹಿಡಿದ ವಕೀಲರನ್ನು. ಅಂಥವರು ಕೌನ್ಸಿಲ್‌ಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಶಾಸಕರಿಗೂ ಸಂಬಳ ಇದೆಯಲ್ಲ ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ವಜಾ ಮಾಡಿತು. ಶಾಸಕ, ಸಂಸದರು ಸರ್ಕಾರದ ನೌಕರರಲ್ಲ, ಇಲ್ಲಿ ಮಾಲೀಕ–ನೌಕರ ಸಂಬಂಧವೇ ಇಲ್ಲ, ಹಾಗಾಗಿ ಈ ನಿಯಮ ಅವರಿಗೆ ತಾಗದು ಅನ್ನೋದು ತೀರ್ಪಿನ ತಿರುಳು. ಅರ್ಜಿಯಲ್ಲಿದ್ದದ್ದು ಶಾಸಕರ ಪ್ರಶ್ನೆ, ಮಂತ್ರಿಗಳಿಗೂ ಅದನ್ನೇ ಎಳೆಯಬೇಡಿ.

ಸಿದ್ದರಾಮಯ್ಯನವರ ವಿಷಯದಲ್ಲಿ ಮೈಸೂರಿನ ಕಾನೂನು ಪದವಿ, ವಕೀಲಿಕೆ, ಕಾನೂನು ಬೋಧನೆ, 1978ರಲ್ಲಿ ತಾಲ್ಲೂಕು ಬೋರ್ಡ್ ಸದಸ್ಯತ್ವ, ಇವೆಲ್ಲ ಸದನಕ್ಕೆ ಬರುವ ಮುಂಚಿನವು.

ಕಡತಪ್ರಿಯ:
ಬಹಳ ಉಪಕಾರ. 2008ಕ್ಕೂ ಮುಂಚಿನ ವರುಣಾ ಫಲಿತಾಂಶ ಎಲ್ಲೂ ಸಿಗುತ್ತಿಲ್ಲವಲ್ಲ?

ಮತಪೆಟ್ಟಿಗೆ:
ಸಿಗಲ್ಲ. ವರುಣಾ ಕ್ಷೇತ್ರವೇ ಹುಟ್ಟಿದ್ದು ಮರುವಿಂಗಡಣೆಯಲ್ಲಿ, ಮೊದಲ ಚುನಾವಣೆ 2008. ಅಲ್ಲಿ ಇವರ ಗೆಲುವು 2008, 2013, 2023. 2018ರಲ್ಲಿ ಗೆದ್ದದ್ದು ಮಗ ಯತೀಂದ್ರ. ಆಸ್ತಿ, ವಿದ್ಯಾರ್ಹತೆ ಬಗ್ಗೆ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ (ಅಫಿಡವಿಟ್) ಬೇಕಿದ್ದರೆ 2004ರಿಂದೀಚೆಗೆ ಹುಡುಕಿ. ಆ ಪದ್ಧತಿ ಬಂದದ್ದೇ ಸುಪ್ರೀಂ ಕೋರ್ಟಿನ 2002–03ರ ತೀರ್ಪುಗಳ ನಂತರ, 1983ರದಕ್ಕೆ ಅಲೆದರೆ ಸಮಯ ದಂಡ.