ಅಪ್‌ಡೇಟ್: ಬಿ.ಪಿ.ಎಡ್. ಮುಗಿಸಿ ಫುಟ್‌ಬಾಲ್ ಕೋಚ್ ಆಗುವ ದಾರಿ

ಬಿ.ಪಿ.ಎಡ್. (ದೈಹಿಕ ಶಿಕ್ಷಣ) ಪದವಿಯೊಂದೇ ಫುಟ್‌ಬಾಲ್ ಕೋಚ್ ಆಗಲು ಸಾಕೇ ಎಂದು ಕೇಳಿದ್ದೆ. ಸಾಲದು. 2 ವರ್ಷದ ಆ ಪದವಿ ಶಾಲೆಯ ದೈಹಿಕ ಶಿಕ್ಷಕರ ಹುದ್ದೆಗೆ ದಾರಿ. ಕ್ಲಬ್‌ಗಳು ಕೇಳುವುದು ಕೋಚಿಂಗ್ ಲೈಸೆನ್ಸ್. ಮೊದಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಮೇಲಿನ ಮೆಟ್ಟಿಲುಗಳಿಗೆ ತಂಡಕ್ಕೆ ತರಬೇತಿ ಕೊಟ್ಟ ಅನುಭವ ಬೇಕು. ಆದ್ದರಿಂದ ಓದುವಾಗಲೇ ಮಕ್ಕಳ ತಂಡವೊಂದನ್ನು ವಹಿಸಿಕೊಂಡು, ಪ್ರತಿ ಸೆಷನ್ನಿನ ಪ್ಲಾನನ್ನು ದಿನಾಂಕ ಸಮೇತ ಬರೆದಿಡಿ.

ಪದವೀಧರರು ಮೈದಾನದಲ್ಲಿ ಎಡವುವುದು ಇಲ್ಲಿ: ಪಿ.ಟಿ. ಪೀರಿಯಡ್ಡಿನಂತೆ 12 ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಚೆಂಡು ಕೊಡುತ್ತಾರೆ. ಹನ್ನೊಂದು ಮಕ್ಕಳು ಸುಮ್ಮನೆ ನಿಂತಿರುತ್ತಾರೆ. ಅದರ ಬದಲು ಮೂವರಿಗೆ ಮೂವರಂತೆ ಎರಡು ಪುಟ್ಟ ಪಂದ್ಯ ಆಡಿಸಿ. ಪದವಿಯ ಶರೀರಶಾಸ್ತ್ರ ಖಂಡಿತ ವ್ಯರ್ಥವಲ್ಲ: ವಾರ್ಮ್‌ಅಪ್, ವಿಶ್ರಾಂತಿ, ವಾರದ ತರಬೇತಿಯ ಹೊರೆ ಲೆಕ್ಕಹಾಕಲು ಅದೇ ಆಧಾರ.