‘ರುಧಿರ’ದ ಕೊನೆಯ ‘ರ’ ಪ್ರತ್ಯಯವೇ, ಧಾತುವಿನ ಭಾಗವೇ?

ಪ್ರಶ್ನೆ:
ಕನ್ನಡದಲ್ಲಿ ರಕ್ತ ಎಂಬರ್ಥದಲ್ಲಿ ಬಳಸುವ ‘ರುಧಿರ’ಕ್ಕೆ ವೈದಿಕ ಸಂಸ್ಕೃತದಲ್ಲಿ ಕೆಂಪು ಎಂಬ ಅರ್ಥವಿತ್ತೆಂದೂ, ಗ್ರೀಕಿನ ‘ಎರುಥ್ರೋಸ್’ ಮತ್ತು ಲ್ಯಾಟಿನ್ನಿನ ‘ರುಬೆರ್’ ಅದರ ಸೋದರಪದಗಳೆಂದೂ, ಈ ಮೂರೂ ಭಾಷೆಗಳ ಮೂಲವೆಂದು ಊಹಿಸಲಾದ ಮೂಲ ಇಂಡೋ-ಯುರೋಪಿಯನ್ನಿನಲ್ಲಿ ಗುಣವಾಚಕಗಳನ್ನು ಕಟ್ಟುವ ‘-ರೊ-’ ಪ್ರತ್ಯಯವಿತ್ತೆಂದೂ ಓದಿದೆ. ಮೂರು ಭಾಷೆಗಳಲ್ಲಿ ರಕಾರವಿದೆಯೆಂದರೆ ಅದು ಮೂಲಪದದಲ್ಲಿತ್ತು ಎಂದಷ್ಟೇ ಹೇಳಬಹುದಲ್ಲವೇ? ಅದನ್ನು ಧಾತುವಿನಿಂದ ಬಿಡಿಸಲು ಆಧಾರವೇನು? ಸಂಸ್ಕೃತದಲ್ಲಿ ಮಾತ್ರ ನಡುವೆ ಇಕಾರ ಬಂದುದೇಕೆ?

ಉತ್ತರ 1:
ಪ್ರತ್ಯಯವನ್ನು ಅದು ಕಾಣಿಸುವ ಕಡೆಗಿಂತ ಕಾಣೆಯಾಗುವ ಕಡೆ ಹುಡುಕುವುದು ಲೇಸು. ‘ಕ್ಷಿಪ್ರ’ಕ್ಕೆ ‘ಇನ್ನೂ ಹೆಚ್ಚು’ ಎಂಬರ್ಥದ ‘ಈಯಸ್’ ಹತ್ತಿದಾಗ ಸಿಗುವ ರೂಪ ‘ಕ್ಷೇಪೀಯಸ್’, ಅಲ್ಲಿ ರಕಾರವಿಲ್ಲ. ‘ದೂರ’ದಿಂದ ‘ದವೀಯಸ್’, ‘ಕ್ಷುದ್ರ’ದಿಂದ ‘ಕ್ಷೋದೀಯಸ್’. ಪಾಣಿನಿಯು ಇದನ್ನು ಗಮನಿಸಿ, ಇಂಥ ಆರು ಶಬ್ದಗಳಲ್ಲಿ ಅಂತಸ್ಥದಿಂದ (ಯ, ರ, ಲ, ವ) ಮೊದಲಾಗುವ ಕೊನೆಯ ಭಾಗ ಲೋಪವಾಗಿ ಹಿಂದಿನ ಸ್ವರಕ್ಕೆ ಗುಣ (ಇಕಾರ ಏಕಾರವಾಗುವುದು, ಉಕಾರ ಓಕಾರವಾಗುವುದು) ಬರುತ್ತದೆಂದು 6.4.156ನೆಯ ಸೂತ್ರದಲ್ಲಿ ವಿಧಿಸಿದ್ದಾನೆ. ಗ್ರೀಕಿನಲ್ಲಿ ನಾಚಿಕೆಗೇಡು ಎಂಬರ್ಥದ ‘ಐಸ್ಖ್ರೋಸ್’ ಕೂಡ ‘ಎಲ್ಲಕ್ಕಿಂತ ಹೆಚ್ಚು’ ಎಂಬ ಅತಿಶಯದ ರೂಪದಲ್ಲಿ ರಕಾರ ಕಳಚಿಕೊಂಡು ‘ಐಸ್ಖಿಸ್ತೋಸ್’ ಆಗುತ್ತದೆ. ದೂರದ ಎರಡು ಭಾಷೆಗಳು ಒಂದೇ ಜಾಗದಲ್ಲಿ ಒಂದೇ ತುಂಡನ್ನು ಬಿಡುವುದನ್ನು ಆಕಸ್ಮಿಕವೆನ್ನುವುದು ಕಷ್ಟ. ನಾವು ದಿನವೂ ಆಡುವ ‘ಗರಿಷ್ಠ’ವೂ ‘ಗುರು’ವಿನ ಕೊನೆಯ ಉಕಾರವನ್ನು ಹೀಗೆಯೇ ಬಿಟ್ಟುಕೊಟ್ಟಿದೆ, ಆ ಉಕಾರವೂ ಒಂದು ಪ್ರತ್ಯಯ.

ಉತ್ತರ 2:
ಇಕಾರದ ವಿಷಯ. ಡಚ್ ವಿದ್ವಾಂಸ ವಿಲೆಮ್ ಕಾಲಂಡ್ 1892ರ ಸುಮಾರಿಗೆ ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಪದರೂಪಗಳ ಒಂದು ಪರ್ಯಾಯವನ್ನು ಗುರುತಿಸಿದರು: ಬಿಡಿಯಾಗಿ ‘ದೆರೆಜ್ರ’ (ದೃಢ) ಎಂದಿರುವ ಪದ ಸಮಾಸದ ಪೂರ್ವಪದವಾದಾಗ ‘ದೆರೆಜಿ-’ ಆಗುತ್ತದೆ. ಋಗ್ವೇದದ ‘ಋಜ್ರ’ (ವೇಗದ) ಮತ್ತು ‘ಋಜಿಶ್ವನ್’ ಎಂಬ ಹೆಸರಿನ ನಡುವಿನ ಸಂಬಂಧವೂ ಇದೇ. ಮೂಲದ ಎರಡನೆಯ ರಕಾರವನ್ನು ಕಳೆದುಕೊಂಡಿರುವ ಗ್ರೀಕಿನ ‘ಆರ್ಗೋಸ್’ (ಹೊಳೆಯುವ, ವೇಗದ; ಒಡಿಸ್ಸಿಯಸ್‌ನ ನಾಯಿಯ ಹೆಸರು ನೆನಪಾದೀತು) ಕೂಡ ಸಮಾಸದಲ್ಲಿ ‘ಆರ್ಗಿ-’ ಆಗುತ್ತದೆ. ‘ರುಧಿರ’ದಲ್ಲಿ ಈ ಇಕಾರ ಮತ್ತು ರಕಾರ ಎರಡೂ ಬೆರೆತಿವೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಉತ್ತರ 3:
ಒಂದು ಎಚ್ಚರಿಕೆಯ ಮಾತು. ಒಂದೇ ಪ್ರತ್ಯಯ ಎರಡು ಭಾಷೆಗಳಲ್ಲಿ ಕಂಡ ಮಾತ್ರಕ್ಕೆ ಅದು ಪಿತ್ರಾರ್ಜಿತವಾಗುವುದಿಲ್ಲ. ಸಂಸ್ಕೃತದ ‘-ವಂತ್’ ಗ್ರೀಕಿನ ‘ಖರಿಯೇಯ್ಸ್’ (ಸೊಬಗುಳ್ಳ) ಎಂಬಲ್ಲೂ ಇದೇ ಕುಟುಂಬದ ಪ್ರಾಚೀನ ಹಿಟ್ಟೈಟ್ ಭಾಷೆಯಲ್ಲೂ ಇರುವುದು ಆನುವಂಶಿಕ. ಕನ್ನಡದ ‘ಸಿರಿವಂತ’ದಲ್ಲಿ ಅದು ಬರಿಯ ಎರವಲು. ಇನ್ನೊಂದು ತೊಡಕು ಲ್ಯಾಟಿನ್ನಿನದು. ಅಲ್ಲಿ ಉಕಾರಾಂತ ಗುಣವಾಚಕಗಳೆಲ್ಲ ಇಕಾರಾಂತಗಳ ಸಾಲಿಗೆ ಸೇರಿಕೊಂಡಿರುವುದರಿಂದ ‘ಸ್ವಾದು’, ‘ಗುರು’, ‘ತನು’ಗಳ ಜೋಡಿಗಳು ‘ಸ್ವಾವಿಸ್’, ‘ಗ್ರಾವಿಸ್’, ‘ತೆನುಇಸ್’ ಎಂದಿವೆ. ಹಳೆಯ ಉಕಾರ ಮೊದಲೆರಡರಲ್ಲಿ ವಕಾರವಾಗಿ ಅಡಗಿ ಕುಳಿತಿದೆ. ಲ್ಯಾಟಿನ್ ಒಂದನ್ನೇ ನಂಬಿದವರು ಅದನ್ನು ಧಾತುವಿಗೆ ಸೇರಿಸಿಬಿಡುವ ಅಪಾಯವಿದೆ.

ಪ್ರಶ್ನಿಸಿದವರು:
ಹಾಗಾದರೆ ‘ಶುಕ್ರ’ ಮತ್ತು ‘ಶುಚಿ’ ಕೂಡ ಇದೇ ಜೋಡಿಯೇ?

ಉತ್ತರ 2:
ಹೌದು. ಇಕಾರದ ಮುಂದೆ ಧಾತುವಿನ ಕಕಾರ ಚಕಾರವಾಗಿರುವುದರಿಂದ ಸಂಬಂಧ ಮಸುಕಾಗಿದೆ, ಅಷ್ಟೇ. ಆದರೆ ‘ಶುಚಿ’ ಸಮಾಸದ ಹೊರಗೂ ಸ್ವತಂತ್ರವಾಗಿ ನಿಲ್ಲುತ್ತದೆ. ಆದ್ದರಿಂದ ಇಕಾರ ಸಮಾಸಕ್ಕಷ್ಟೇ ಮೀಸಲಾಗಿತ್ತೆಂದು ಹೇಳಲಾಗದು.